9,600 ಕಿಲೋಮೀಟರಿಗೆ 14 ಗಂಟೆ ಯಾಕೆ ಬೇಕು?

ಓದುಗರೊಬ್ಬರ ಪ್ರಶ್ನೆ: ನಾನು ಲಂಡನ್ನಿನಲ್ಲಿದ್ದೇನೆ, ತಂಗಿ ಟೋಕಿಯೊದಲ್ಲಿದ್ದಾಳೆ. ಜನವರಿಯಲ್ಲಿ ಅಮ್ಮನನ್ನು ಅವಳ ಮನೆಗೆ ಕರೆದುಕೊಂಡು ಹೋಗಬೇಕು. ಅಮ್ಮನಿಗೆ 71 ವರ್ಷ, ಕಾಲು ಊದಿಕೊಳ್ಳುತ್ತದೆ, ದಿನಾ ಬಿಪಿ ಮಾತ್ರೆ ತಗೊಳ್ತಾರೆ. ದೂರ ಲೆಕ್ಕ ಹಾಕುವ ಒಂದು ವೆಬ್‌ಸೈಟ್ ನೋಡಿದರೆ 9,600 ಕಿ.ಮೀ., ಹಾರಾಟ 10 ಗಂಟೆ 40 ನಿಮಿಷ ಅಂತಿದೆ. ಟಿಕೆಟ್ಟಿನಲ್ಲಿ ನೋಡಿದರೆ ಹೋಗುವುದಕ್ಕೆ 13 ಗಂಟೆ 50 ನಿಮಿಷ, ಬರುವುದಕ್ಕೆ 14 ಗಂಟೆ 30 ನಿಮಿಷ. ಊರು ಎರಡೇ, ಲೆಕ್ಕ ಮಾತ್ರ ಮೂರು. ಸಾಲದ್ದಕ್ಕೆ, ಹೋದ ವರ್ಷ ತಂಗಿ ಇಲ್ಲಿಗೆ ಬರುವಾಗ ವಿಮಾನದ ಪರದೆಯಲ್ಲಿ ಅಲಾಸ್ಕಾ ಕಾಣಿಸಿತಂತೆ. ಟೋಕಿಯೊದಿಂದ ಲಂಡನ್ನಿಗೆ ಬರಲು ಅಮೆರಿಕದ ಕಡೆ ಯಾಕೆ ಹೋಗಬೇಕು? ಭೂಮಿ ಪೂರ್ವಕ್ಕೆ ತಿರುಗುತ್ತದೆ, ಹಾಗಾದರೆ ಪಶ್ಚಿಮಕ್ಕೆ ಬರುವ ವಿಮಾನ ಬೇಗ ತಲುಪಬೇಕಲ್ವಾ? ಅಷ್ಟು ಉತ್ತರದಲ್ಲಿ ಹಾರುವುದು ಸುರಕ್ಷಿತವೇ? ಅಮ್ಮನಿಗೆ ನೇರ ವಿಮಾನ ಒಳ್ಳೆಯದೋ, ನಡುವೆ ಇಳಿದು ಹೋಗುವುದು ಒಳ್ಳೆಯದೋ?

ಉತ್ತರ:

ನೀವು ಕೇಳಿದ ಪ್ರಶ್ನೆ ನಾಲ್ಕೈದು. ಆದರೆ ಅದರ ಹಿಂದಿನ ಆತಂಕ ಒಂದೇ ಅನ್ನಿಸಿತು. ಲೆಕ್ಕ ತಾಳೆಯಾಗುತ್ತಿಲ್ಲ, ಯಾರೋ ಏನನ್ನೋ ಮುಚ್ಚಿಡುತ್ತಿದ್ದಾರೆ, ಅಂಥ ವಿಮಾನದಲ್ಲಿ ಅಮ್ಮನನ್ನು ಹೇಗೆ ಕೂರಿಸುವುದು ಅಂತ. ಯಾರೂ ಸುಳ್ಳು ಹೇಳಿಲ್ಲ. ಮೂರೂ ಲೆಕ್ಕ ಸರಿಯಾಗಿಯೇ ಇವೆ. ಮೂರೂ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ, ಅಷ್ಟೇ.

ನಾನು ಫ್ಲೈಟ್ ಡಿಸ್ಪ್ಯಾಚರ್. ವಿಮಾನ ಹೊರಡುವ ಮೊದಲು ಯಾವ ದಾರಿ, ಎಷ್ಟು ಎತ್ತರ, ಎಷ್ಟು ಇಂಧನ ಅಂತ ನೆಲದ ಮೇಲೆ ಕೂತು ಲೆಕ್ಕ ಹಾಕುವ ಕೆಲಸ. ಪೈಲಟ್ ಮತ್ತು ನಾನು ಇಬ್ಬರೂ ಒಪ್ಪಿದ ಮೇಲೆಯೇ ವಿಮಾನ ಹೊರಡುತ್ತದೆ. ಹಾಗಾಗಿ ನಿಮ್ಮ ಪ್ರಶ್ನೆ ನನ್ನ ದಿನನಿತ್ಯದ ಪ್ರಶ್ನೆಯೂ ಹೌದು.

ಮೊದಲು ವೆಬ್‌ಸೈಟಿನ ಲೆಕ್ಕ ನೋಡೋಣ. ಮನೆಯಲ್ಲಿ ಗ್ಲೋಬ್ ಇದ್ದರೆ ಒಂದು ದಾರ ತಗೊಳ್ಳಿ. ಒಂದು ತುದಿ ಲಂಡನ್ ಮೇಲೆ, ಇನ್ನೊಂದು ತುದಿ ಟೋಕಿಯೊ ಮೇಲೆ ಇಟ್ಟು ಬಿಗಿಯಾಗಿ ಎಳೆಯಿರಿ. ದಾರ ತಾನಾಗಿಯೇ ಉತ್ತರಕ್ಕೆ ಜಾರುತ್ತದೆ. ಸ್ಕ್ಯಾಂಡಿನೇವಿಯಾ ದಾಟಿ, ಆರ್ಕ್ಟಿಕ್ ವೃತ್ತದ ಒಳಗೆ ಹೋಗಿ, ಸುಮಾರು 71 ಡಿಗ್ರಿ ಉತ್ತರದವರೆಗೆ ಏರಿ, ಸೈಬೀರಿಯಾ ಮೇಲಿಂದ ಜಪಾನಿಗೆ ಇಳಿಯುತ್ತದೆ. ಗುಂಡಗಿರುವ ಭೂಮಿಯ ಮೇಲೆ ಎರಡು ಊರುಗಳ ನಡುವೆ ಇದಕ್ಕಿಂತ ಹತ್ತಿರದ ದಾರಿ ಇಲ್ಲ. ನಾವು ಇದನ್ನು ಗ್ರೇಟ್ ಸರ್ಕಲ್ ಅನ್ನುತ್ತೇವೆ. ಇದರ ಉದ್ದವೇ ಆ 9,600 ಕಿ.ಮೀ.

ಗೋಡೆಗೆ ತೂಗುಹಾಕುವ ನಕ್ಷೆಯಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದರೆ ಮಾತ್ರ ಬೇರೆಯೇ ಕಾಣುತ್ತದೆ. ಗೆರೆ ಕಜಾಕಿಸ್ತಾನ, ಮಂಗೋಲಿಯಾ ಕಡೆಯಿಂದ ಹೋಗುತ್ತದೆ, ಅದೇ ನೇರ ಅನ್ನಿಸುತ್ತದೆ. ನಿಜವಾಗಿ ಆ ಗೆರೆಯನ್ನೇ ಹಿಡಿದು ಹಾರಿದರೆ ಸುಮಾರು 11,300 ಕಿ.ಮೀ. ಆಗುತ್ತದೆ, ಅಂದರೆ 1,700 ಕಿ.ಮೀ. ಜಾಸ್ತಿ. ನಾವು ಶಾಲೆಯಿಂದ ನೋಡಿಕೊಂಡು ಬಂದ ನಕ್ಷೆ 1569ರಲ್ಲಿ ಮರ್ಕೇಟರ್ ಎಂಬ ನಕ್ಷೆಗಾರ ಹಾಕಿಕೊಟ್ಟ ಪದ್ಧತಿಯದ್ದು. ಹಡಗಿನವರು ದಿಕ್ಸೂಚಿ ಹಿಡಿದು ಹೋಗಲಿ ಅಂತ ಮಾಡಿದ್ದು. ಅದರಲ್ಲಿ ಉತ್ತರದ ಜಾಗಗಳೆಲ್ಲ ಉಬ್ಬಿಕೊಳ್ಳುತ್ತವೆ. ಆಫ್ರಿಕಾ ಗ್ರೀನ್‌ಲ್ಯಾಂಡಿಗಿಂತ ಸುಮಾರು 14 ಪಟ್ಟು ದೊಡ್ಡದು. ಆ ನಕ್ಷೆಯಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಕಾಣುತ್ತವೆ. ವಿಮಾನ ಸುತ್ತಿ ಬಳಸಿ ಹೋಗುತ್ತಿದೆ ಅಂತ ಪರದೆ ನೋಡಿ ಅನ್ನಿಸುವುದು ಈ ನಕ್ಷೆಯಿಂದಲೇ ಜಾಸ್ತಿ.

ಇನ್ನು 10 ಗಂಟೆ 40 ನಿಮಿಷ. ಆ ವೆಬ್‌ಸೈಟ್ 9,600ನ್ನು 900ರಿಂದ ಭಾಗಿಸಿದೆ. ಗಂಟೆಗೆ 900 ಕಿ.ಮೀ. ಅನ್ನುವುದು ದೊಡ್ಡ ಜೆಟ್ ವಿಮಾನದ ಸಾಮಾನ್ಯ ವೇಗ, ಅದೇನೂ ತಪ್ಪಲ್ಲ. ಆದರೆ ಆ ವೇಗ ಗಾಳಿಗೆ ಹೋಲಿಸಿದ್ದು, ನೆಲಕ್ಕೆ ಹೋಲಿಸಿದ್ದಲ್ಲ. ಹೊಳೆಯಲ್ಲಿ ಈಜುವವನನ್ನು ನೆನಪಿಸಿಕೊಳ್ಳಿ. ಅವನು ಕೈಕಾಲು ಬಡಿಯುವುದು ಒಂದೇ ರೀತಿ. ನೀರು ಜೊತೆಗೆ ಹರಿದರೆ ದಡದ ಮರಗಳು ಬೇಗ ಬೇಗ ಹಿಂದೆ ಹೋಗುತ್ತವೆ, ಎದುರು ಹರಿದರೆ ಅದೇ ಮರದ ಮುಂದೆ ಎಷ್ಟೋ ಹೊತ್ತು. ವಿಮಾನವೂ ಹಾಗೇ, ಗಾಳಿಯ ಹೊಳೆಯಲ್ಲಿ ಈಜುತ್ತದೆ.

ಮತ್ತೆ ಆ ಹೊಳೆ ಸಣ್ಣದಲ್ಲ. ವಿಮಾನಗಳು ಹಾರುವ ಹತ್ತು ಹನ್ನೊಂದು ಕಿ.ಮೀ. ಎತ್ತರದಲ್ಲೇ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಜೋರು ಗಾಳಿ ಬೀಸುತ್ತಿರುತ್ತದೆ. ಚಳಿಗಾಲದಲ್ಲಿ ಜೋರು ಜಾಸ್ತಿ. ಜಪಾನಿನ ಮೇಲಂತೂ ಕೆಲವು ದಿನ ಗಂಟೆಗೆ 300 ಕಿ.ಮೀ. ದಾಟುತ್ತದೆ. ಇದನ್ನು ಮೊದಲು ಸರಿಯಾಗಿ ಅಳೆದವರು ಜಪಾನಿನವರೇ ಆದ ವಾಸಬುರೊ ಓಯಿಶಿ. ಟೋಕಿಯೊ ಹತ್ತಿರದ ಟಾಟೆನೊ ವೀಕ್ಷಣಾಲಯದಿಂದ 1920ರ ದಶಕದಲ್ಲಿ ಬಲೂನು ಬಿಟ್ಟು ಅಳೆದರು. ಲೋಕಕ್ಕೆಲ್ಲ ತಿಳಿಯಲಿ ಅಂತ ಎಸ್ಪೆರಾಂಟೊದಲ್ಲಿ, ಅಂದರೆ ಎಲ್ಲ ದೇಶದವರಿಗೂ ಆಗಲಿ ಅಂತ ಕಟ್ಟಿದ ಭಾಷೆಯಲ್ಲಿ, ವರದಿ ಬರೆದರು. ಪಾಪ, ಹೊರಗಿನವರು ಹೆಚ್ಚಾಗಿ ಗಮನಿಸಲೇ ಇಲ್ಲ. 1944ರಲ್ಲಿ ಅಮೆರಿಕದ ಬಿ-29 ಬಾಂಬರ್‌ಗಳು ಜಪಾನಿನ ಮೇಲೆ ಹಾರಿದಾಗ ಅದೇ ಗಾಳಿಗೆ ಸಿಕ್ಕಿ ಒದ್ದಾಡಿದವು. ಓಯಿಶಿ ಅವರ ವಿಷಯ ಯಾರಾದರೂ ಕೇಳಿದರೆ ನನಗೆ ಇವತ್ತಿಗೂ ಖುಷಿ. ನನ್ನ ಮೇಜಿನ ಮೇಲೆ ದಿನಾ ಬರುವ ಗಾಳಿಯ ನಕ್ಷೆಗೆ ಅವರೇ ಹಿರಿಯರು.

ಈ ಗಾಳಿ ಬೆನ್ನಿಗೆ ಬಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ. 2020ರ ಫೆಬ್ರವರಿಯಲ್ಲಿ ಬ್ರಿಟಿಷ್ ಏರ್‌ವೇಸ್ ವಿಮಾನವೊಂದು ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷದಲ್ಲಿ ಬಂತು. ಸಾಮಾನ್ಯವಾಗಿ ಆರೂವರೆ ಗಂಟೆ ಬೇಕು. ನೆಲದ ಲೆಕ್ಕದಲ್ಲಿ ಅದರ ವೇಗ ಗಂಟೆಗೆ 1,300 ಕಿ.ಮೀ. ದಾಟಿತ್ತು. ಎಂಜಿನ್ ಮಾತ್ರ ಎಂದಿನಂತೆಯೇ ಕೆಲಸ ಮಾಡಿತ್ತು, ಮಿಕ್ಕಿದ್ದೆಲ್ಲ ಗಾಳಿ ಕೊಟ್ಟದ್ದು.

ಈಗ ನಿಮ್ಮ ಭೂಮಿ ತಿರುಗುವ ಪ್ರಶ್ನೆ. ತುಂಬಾ ಜನ ಕೇಳುತ್ತಾರೆ, ಕೇಳಬೇಕಾದ ಪ್ರಶ್ನೆಯೇ. ವಿಮಾನ ಮೇಲೆ ನಿಂತರೆ ಸಾಕು, ಕೆಳಗೆ ಭೂಮಿ ತಿರುಗಿ ಊರೇ ಹತ್ತಿರ ಬರಬೇಕಲ್ಲ ಅಂತ. ಆದರೆ ಭೂಮಿಯ ಜೊತೆ ಗಾಳಿಯೂ ತಿರುಗುತ್ತಿರುತ್ತದೆ, ಗಾಳಿಯಲ್ಲಿರುವ ವಿಮಾನವೂ ತಿರುಗುತ್ತಿರುತ್ತದೆ. ಓಡುವ ರೈಲಿನೊಳಗೆ ಕೂತು ಚೆಂಡನ್ನು ಮೇಲೆ ಎಸೆದು ನೋಡಿ. ನಿಮ್ಮ ಕೈಗೇ ಬೀಳುತ್ತದೆ, ಹಿಂದಿನ ಸೀಟಿಗೆ ಹೋಗುವುದಿಲ್ಲ. ಹಾಗಂತ ಭೂಮಿ ತಿರುಗುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಅಂತಲ್ಲ. ಸಮಭಾಜಕದ ಬಿಸಿ ಗಾಳಿ ಧ್ರುವದ ಕಡೆ ಹೊರಟಾಗ ಭೂಮಿಯ ತಿರುಗುವಿಕೆಯೇ ಅದನ್ನು ಪೂರ್ವಕ್ಕೆ ಬಾಗಿಸುತ್ತದೆ. ಜೆಟ್ ಸ್ಟ್ರೀಮ್ ಹುಟ್ಟುವುದೇ ಹಾಗೆ. ಅಂದರೆ ತಿರುಗುವ ಭೂಮಿ ನೆರವಾಗುವುದು ಪೂರ್ವಕ್ಕೆ ಹೋಗುವವರಿಗೆ, ನೀವು ಅಂದುಕೊಂಡದ್ದಕ್ಕೆ ಪೂರ್ತಿ ಉಲ್ಟಾ.

ಗಾಳಿಯ ಮಾತು ಇಷ್ಟು. ಆದರೆ ಲಂಡನ್-ಟೋಕಿಯೊ ನಡುವೆ ಗಾಳಿಗಿಂತ ದೊಡ್ಡ ಕಾರಣ ಇನ್ನೊಂದಿದೆ, ಅದು ರಷ್ಯಾ. ಆ ದಾರ ಎಳೆದಿರಲ್ಲ, ಅದರ ಬಹುಪಾಲು ರಷ್ಯಾದ ಮೇಲೆ ಬಿದ್ದಿತ್ತು. 2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಶುರುವಾದ ಕೂಡಲೇ ಬ್ರಿಟನ್ ರಷ್ಯಾದ ವಿಮಾನಗಳನ್ನು ತಡೆಯಿತು, ರಷ್ಯಾ ಬ್ರಿಟನ್ನಿನ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿತು. ಜಪಾನಿನ ಕಂಪನಿಗಳೂ ಆ ದಾರಿ ಬಿಟ್ಟವು. ಅದಕ್ಕೂ ಮುಂಚೆ ಲಂಡನ್ನಿನಿಂದ ಟೋಕಿಯೊಗೆ ಹನ್ನೆರಡು ಗಂಟೆ ಸಾಕಾಗುತ್ತಿತ್ತು. ಹೆಲ್ಸಿಂಕಿಯಿಂದ ಟೋಕಿಯೊಗೆ ಒಂಬತ್ತೂವರೆ ಗಂಟೆ ಇದ್ದದ್ದು 13ಕ್ಕೆ ಏರಿತು. ಅವರಿಗಾದ ಪೆಟ್ಟು ಇನ್ನೂ ದೊಡ್ಡದು.

ಈಗ ಉಳಿದಿರುವ ದಾರಿ ಎರಡು. ಒಂದು ದಕ್ಷಿಣದ್ದು. ಯುರೋಪ್ ದಾಟಿ, ಕಪ್ಪು ಸಮುದ್ರದ ಕೆಳಗಿಂದ ಜಾರ್ಜಿಯಾ, ಅಜರ್‌ಬೈಜಾನ್, ಕ್ಯಾಸ್ಪಿಯನ್ ಸಮುದ್ರ, ಕಜಾಕಿಸ್ತಾನ, ಚೀನಾ, ಕೊರಿಯಾ, ಆಮೇಲೆ ಜಪಾನ್. ಸುಮಾರು 11,000 ಕಿ.ಮೀ. ಇನ್ನೊಂದು ಉತ್ತರದ್ದು. ಟೋಕಿಯೊದಿಂದ ಹೊರಟರೆ ಪೆಸಿಫಿಕ್, ಅಲಾಸ್ಕಾ, ಕೆನಡಾದ ಉತ್ತರ ತುದಿ, ಗ್ರೀನ್‌ಲ್ಯಾಂಡ್, ಐಸ್‌ಲ್ಯಾಂಡ್, ಆಮೇಲೆ ಲಂಡನ್. ಇದು 12,000 ಕಿ.ಮೀ. ದಾಟುತ್ತದೆ.

ಹತ್ತಿರದ್ದು ಬಿಟ್ಟು ದೂರದ್ದು ಹಿಡಿಯುವುದು ಯಾಕೆ? ಒಂದು ಅಂದಾಜು ಲೆಕ್ಕ ಹಾಕಿ ತೋರಿಸುತ್ತೇನೆ, ನನ್ನ ಕೆಲಸ ನಿಮಗೆ ಅರ್ಥವಾಗುತ್ತದೆ. ಜನವರಿಯ ಒಂದು ದಿನ, ಟೋಕಿಯೊದಿಂದ ಲಂಡನ್ನಿಗೆ. ದಕ್ಷಿಣದ ದಾರಿ 11,200 ಕಿ.ಮೀ. ಇದೆ, ಉದ್ದಕ್ಕೂ ಸರಾಸರಿ 110 ಕಿ.ಮೀ. ಎದುರು ಗಾಳಿ ಅಂದುಕೊಳ್ಳಿ. 900ರಲ್ಲಿ 110 ಕಳೆದರೆ 790. ಅಲ್ಲಿಗೆ 14 ಗಂಟೆ 10 ನಿಮಿಷ. ಉತ್ತರದ ದಾರಿ 12,500 ಕಿ.ಮೀ. ಆದರೆ ಮೊದಲ 4,500 ಕಿ.ಮೀ. ಪೆಸಿಫಿಕ್ ಮೇಲೆ ಪೂರ್ವಕ್ಕೆ, 120 ಕಿ.ಮೀ. ಗಾಳಿ ಬೆನ್ನಿಗೆ. ಗಂಟೆಗೆ 1,020ರಂತೆ ಸುಮಾರು 4 ಗಂಟೆ 25 ನಿಮಿಷ. ಉಳಿದ 8,000 ಕಿ.ಮೀ. ಧ್ರುವದ ಕಡೆ, ಅಲ್ಲಿ ಗಾಳಿ ಅಷ್ಟಾಗಿ ಇಲ್ಲ ಅಂತಿಟ್ಟುಕೊಂಡರೆ 8 ಗಂಟೆ 53 ನಿಮಿಷ. ಒಟ್ಟು 13 ಗಂಟೆ 18 ನಿಮಿಷ. 1,300 ಕಿ.ಮೀ. ಜಾಸ್ತಿ ಹಾರಿ 50 ನಿಮಿಷ ಮೊದಲೇ ಬಂದಂತಾಯಿತು!

ಇದು ಕಾಗದದ ಲೆಕ್ಕ. ನಿಜದ ದಿನ ಹೀಗಿರುತ್ತದೆ. ಹೊರಡುವುದಕ್ಕೆ ಐದಾರು ಗಂಟೆ ಮೊದಲು ಪರದೆಯಲ್ಲಿ ಮೂರು ನಾಲ್ಕು ದಾರಿಗಳನ್ನು ಪಕ್ಕಪಕ್ಕ ತೆರೆದುಕೊಳ್ಳುತ್ತೇನೆ. ಮೇಲೆ ಗಾಳಿಯ ಬಾಣಗಳು, ಕೆಂಪಗೆ ಜೆಟ್ ಸ್ಟ್ರೀಮ್. ಒಂದು ಜನವರಿಯಲ್ಲಿ ಜಪಾನಿನ ಮೇಲೆ 180 ನಾಟ್ ಇತ್ತು, ಗಂಟೆಗೆ 333 ಕಿ.ಮೀ. ಆ ದಿನ ಅಲಾಸ್ಕಾ ದಾರಿಯೇ ಗೆದ್ದಿತು. ಅದರ ಮಾರನೇ ದಿನ ಗಾಳಿ ಕೆಳಗೆ ಸರಿದಿತ್ತು, ಎರಡು ದಾರಿಗೂ ಇದ್ದ ಅಂತರ ಬರೀ ಆರು ನಿಮಿಷ. ಅದೇ ಹೊತ್ತಿನ ವಿಮಾನ, ಅದೇ ಎರಡು ಊರು. ಅದಕ್ಕೇ ಯಾರಾದರೂ ನನ್ನನ್ನು ದೂರ ಎಷ್ಟು ಅಂತ ಕೇಳಿದರೆ ನಾನು ಕೇಳುವ ಮೊದಲ ಪ್ರಶ್ನೆ, ಯಾವ ದಿನ ಅಂತ. ಎರಡು ಊರುಗಳ ದೂರ ನೆಲದ ಲೆಕ್ಕ. ಹಾರಾಟದ ಸಮಯ ಆ ದಿನದ ಆಕಾಶದ ಲೆಕ್ಕ.

ಹೋಗುವಾಗ ದಕ್ಷಿಣದ ದಾರಿಯಲ್ಲಿ ಪೂರ್ವಕ್ಕೆ, ಬರುವಾಗ ಅಲಾಸ್ಕಾ ದಾರಿಯಲ್ಲಿ ಮತ್ತೆ ಪೂರ್ವಕ್ಕೇ ಹೊರಟು ಬಂದರೆ ನೀವೂ ನಿಮ್ಮ ಅಮ್ಮನೂ ಭೂಮಿಯನ್ನು ಒಂದು ಸುತ್ತು ಹಾಕಿದಂತೆ. ಅಮ್ಮನಿಗೆ ಇದನ್ನು ಖಂಡಿತ ಹೇಳಿ.

ಈ ಅಲಾಸ್ಕಾ ದಾರಿ ಹೊಸದೂ ಅಲ್ಲ. ಸೋವಿಯತ್ ಕಾಲದಲ್ಲೂ ಸೈಬೀರಿಯಾದ ಆಕಾಶ ಹೊರಗಿನವರಿಗೆ ಬಹುಮಟ್ಟಿಗೆ ಮುಚ್ಚಿತ್ತು. 1957ರಲ್ಲಿ ಸ್ಕ್ಯಾಂಡಿನೇವಿಯನ್ ಏರ್‌ಲೈನ್ಸ್ ಕೋಪನ್‌ಹೇಗನ್‌ನಿಂದ ಅಲಾಸ್ಕಾದ ಆಂಕರೇಜ್‌ಗೆ, ಅಲ್ಲಿಂದ ಟೋಕಿಯೊಗೆ ಧ್ರುವದ ದಾರಿಯಲ್ಲಿ ಹಾರಲು ಶುರು ಮಾಡಿತು. ಮುಂದೆ ಬೇರೆ ಕಂಪನಿಗಳೂ ಬಂದವು. ಜಪಾನಿನಿಂದ ಯುರೋಪಿಗೆ ಹೋಗುವವರಲ್ಲಿ ಬಹಳ ಜನ ಆಂಕರೇಜ್‌ನಲ್ಲಿ ಇಳಿದು, ಇಂಧನ ತುಂಬಿಸಿಕೊಳ್ಳುವವರೆಗೆ ಕಾಯುತ್ತಿದ್ದ ಕಾಲ ಅದು. ಸೋವಿಯತ್ ಒಕ್ಕೂಟ ಒಡೆದ ಮೇಲೆ ಸೈಬೀರಿಯಾ ತೆರೆದುಕೊಂಡಿತು, ಆಂಕರೇಜ್ ಸರಕು ವಿಮಾನಗಳ ಊರಾಯಿತು. ಈಗ ಮತ್ತೆ ಅದೇ ದಾರಿ. ವ್ಯತ್ಯಾಸ ಅಂದರೆ ಇವತ್ತಿನ ವಿಮಾನಗಳು ನಡುವೆ ಇಳಿಯಬೇಕಿಲ್ಲ.

ಟಿಕೆಟ್ಟಿನ ಸಮಯದ ಬಗ್ಗೆ ಒಂದು ಮಾತು. ಅದು ಬಾಗಿಲು ಹಾಕಿ ಹೊರಟಾಗಿನಿಂದ ಇನ್ನೊಂದು ಕಡೆ ನಿಂತು ಬಾಗಿಲು ತೆರೆಯುವವರೆಗಿನ ಲೆಕ್ಕ. ರನ್‌ವೇವರೆಗೆ ಉರುಳುವುದು, ಸಾಲಿನಲ್ಲಿ ಕಾಯುವುದು, ರೆಕ್ಕೆಯ ಮೇಲಿನ ಹಿಮ ತೆಗೆಯುವುದು, ಇಳಿಯುವ ಮುಂಚೆ ಲಂಡನ್ನಿನ ಹೀಥ್ರೂ ನಿಲ್ದಾಣದ ಆಕಾಶದಲ್ಲಿ ಸುತ್ತು ಹಾಕುವುದು, ಎಲ್ಲ ಸೇರಿರುತ್ತದೆ. ತಡವಾದರೂ ಸಮಯಕ್ಕೆ ಬರಲಿ ಅಂತ ಕಂಪನಿಗಳು ಸ್ವಲ್ಪ ಹೆಚ್ಚುವರಿ ನಿಮಿಷವನ್ನೂ ಸೇರಿಸಿರುತ್ತವೆ. ನಿಮ್ಮ 14 ಗಂಟೆ 30 ನಿಮಿಷದಲ್ಲಿ ಹಾರಾಟ ಹದಿಮೂರೂವರೆಯೇ ಇದ್ದರೂ ಆಶ್ಚರ್ಯ ಇಲ್ಲ.

ಇನ್ನು ಸುರಕ್ಷತೆ. ಎರಡು ಎಂಜಿನ್ ವಿಮಾನ ಸಮುದ್ರ, ಹಿಮದ ಮೇಲೆ ಹಾರುವಾಗ ಒಂದು ಕಟ್ಟುನಿಟ್ಟಿನ ನಿಯಮ ಇದೆ. ದಾರಿಯ ಯಾವ ಜಾಗದಲ್ಲಿ ಒಂದು ಎಂಜಿನ್ ನಿಂತರೂ ಉಳಿದ ಒಂದರಲ್ಲೇ, ಅನುಮತಿ ಸಿಕ್ಕಿದ ಸಮಯದೊಳಗೆ ಒಂದು ವಿಮಾನ ನಿಲ್ದಾಣ ಮುಟ್ಟುವಂತಿರಬೇಕು. ಆಂಕರೇಜ್, ಫೇರ್‌ಬ್ಯಾಂಕ್ಸ್, ಕೆನಡಾದ ಇಕಾಲುಯಿಟ್, ಐಸ್‌ಲ್ಯಾಂಡಿನ ಕೆಫ್ಲಾವಿಕ್, ಇವೆಲ್ಲ ಅಂಥ ಊರುಗಳು. ಹೊರಡುವ ಮುಂಚೆ ಅಲ್ಲಿನ ಹವಾಮಾನ ನೋಡುತ್ತೇನೆ. ಅಲ್ಲಿ ಇಳಿಯಲು ಆಗದ ಹಾಗಿದ್ದರೆ ದಾರಿ ಬದಲಾಯಿಸುತ್ತೇನೆ. ಇಂಧನವೂ ಅಷ್ಟೇ, ಟೋಕಿಯೊದಿಂದ ಲಂಡನ್ನಿಗೆ ಆಗುವಷ್ಟು ಮಾತ್ರ ತುಂಬುವುದಿಲ್ಲ. ಲೆಕ್ಕ ತಪ್ಪಿದರೆ ಅಂತ ಒಂದು ಪಾಲು, ಲಂಡನ್ನಿನಲ್ಲಿ ಇಳಿಯಲಾಗದಿದ್ದರೆ ಬೇರೆ ಊರಿಗೆ ಹೋಗಲು ಒಂದು ಪಾಲು, ಅದರ ಮೇಲೆ ಯಾರೂ ಮುಟ್ಟಬಾರದ ಅರ್ಧ ಗಂಟೆಯ ಪಾಲು.

ಅಷ್ಟು ಚಳಿಯಲ್ಲಿ ಇಂಧನ ಹೆಪ್ಪುಗಟ್ಟುವುದಿಲ್ಲವೇ ಅಂತ ಕೆಲವರು ಕೇಳುತ್ತಾರೆ. ಜೆಟ್ ಎ-1 ಇಂಧನ ಹೆಪ್ಪುಗಟ್ಟುವುದು ಮೈನಸ್ 47 ಡಿಗ್ರಿಯಲ್ಲಿ. ಹೊರಗೆ ಮೈನಸ್ 65 ಇರಬಹುದು. ಆದರೆ ಅಷ್ಟು ವೇಗದಲ್ಲಿ ಗಾಳಿ ಬಡಿದು ವಿಮಾನದ ಮೈ ಸುಮಾರು 30 ಡಿಗ್ರಿಯಷ್ಟು ಬಿಸಿಯಾಗುತ್ತದೆ. ಹಾಗಾಗಿ ರೆಕ್ಕೆಯೊಳಗಿನ ಇಂಧನ ಹೊರಗಿನಷ್ಟು ತಣ್ಣಗಾಗುವುದಿಲ್ಲ. ಅದರ ತಾಪಮಾನ ಪೈಲಟ್ ಮುಂದೆ ಕಾಣುತ್ತಲೇ ಇರುತ್ತದೆ. ತೀರಾ ಇಳಿದರೆ ಬೆಚ್ಚಗಿನ ಗಾಳಿ ಇರುವ ಎತ್ತರಕ್ಕೆ ಹೋಗುತ್ತಾರೆ.

ಈಗ ನಿಮಗೆ ನಿಜವಾಗಿ ಬೇಕಾದ ವಿಷಯ. ಅಮ್ಮನಿಗೆ ಯಾವುದು?

ನೇರ ವಿಮಾನದ ತೊಂದರೆ ಅಂದರೆ ಉದ್ದಕ್ಕೆ ಕೂರುವುದು. ನಾಲ್ಕು ಗಂಟೆಗಿಂತ ಜಾಸ್ತಿ ಅಲ್ಲಾಡದೆ ಕೂತರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ಎಲ್ಲರಿಗೂ ಆಗುವಂಥದ್ದಲ್ಲ, ಆದರೆ ನಿಮ್ಮ ಅಮ್ಮನಿಗೆ ಊತ ಇದೆ. ನಾನು ಡಾಕ್ಟರ್ ಅಲ್ಲ. ಬಿಗಿ ಸಾಕ್ಸ್ ಹಾಕಬೇಕಾ, ಮಾತ್ರೆಯ ಸಮಯ ಹೇಗೆ ಅಂತ ಅವರ ಡಾಕ್ಟರನ್ನು ಹೊರಡುವ ಮುಂಚೆಯೇ ಕೇಳಿ.

ನಡುವೆ ಇಳಿಯುವುದರಲ್ಲಿ ಹಲವು ಬಗೆ. ದುಬೈ ಮೂಲಕ ಹೋದರೆ ಮೊದಲು ಏಳು ಗಂಟೆ, ಆಮೇಲೆ ಹತ್ತು ಗಂಟೆ, ನಡುವೆ ಕಾಯುವುದು ಬೇರೆ. ಕಾಲು ಚಾಚಿ ಓಡಾಡಬಹುದು ನಿಜ. ಆದರೆ ಎರಡು ಸಲ ಹತ್ತುವುದು, ಎರಡು ಸಲ ಇಳಿಯುವುದು, ಮತ್ತೆ ಸೆಕ್ಯೂರಿಟಿ ಸಾಲು, ಅದೂ ಅರ್ಧ ರಾತ್ರಿಯಲ್ಲಿ. ಚೀನಾದ ಕಂಪನಿಗಳು ಈಗಲೂ ರಷ್ಯಾದ ಮೇಲೆ ಹಾರುತ್ತವೆ, ಹಾಗಾಗಿ ಶಾಂಘೈ ಅಥವಾ ಬೀಜಿಂಗ್ ಮೂಲಕ ಹೋದರೆ ಹಾರಾಟದ ಗಂಟೆ ಕಡಿಮೆ. ವಿಮಾನದಲ್ಲಿ ಯಾರಿಗೋ ಹುಷಾರು ತಪ್ಪಿ ತುರ್ತಾಗಿ ಇಳಿಯಬೇಕಾದರೆ ಅದು ರಷ್ಯಾದ ಊರೇ ಆಗಬಹುದು ಅನ್ನುವುದನ್ನು ಮನಸ್ಸಿನಲ್ಲಿಟ್ಟು ನಿರ್ಧರಿಸಿ. ನಡುವಿನ ಊರಲ್ಲಿ ಒಂದು ರಾತ್ರಿ ಮಲಗಿ ಹೋಗುವುದು ದೇಹಕ್ಕೆ ಎಲ್ಲಕ್ಕಿಂತ ಹಿತ, ಖರ್ಚು ಮತ್ತು ವೀಸಾ ಹೊಂದುವುದಾದರೆ.

ನಡುವೆ ಇಳಿಯುವುದಾದರೆ ಎರಡೂ ಹಾರಾಟ ಒಂದೇ ಟಿಕೆಟ್ಟಿನಲ್ಲಿರಲಿ. ಇದನ್ನು ಒತ್ತಿ ಹೇಳುತ್ತೇನೆ. ನನ್ನ ಅಣ್ಣ ಒಮ್ಮೆ ಕಡಿಮೆಯಾಯಿತು ಅಂತ ಬೇರೆ ಬೇರೆ ಟಿಕೆಟ್ ಮಾಡಿಸಿದ್ದ, ನಡುವೆ ಒಂದೂವರೆ ಗಂಟೆ. ಎದುರು ಗಾಳಿಗೆ ಮೊದಲ ವಿಮಾನ 50 ನಿಮಿಷ ತಡವಾಯಿತು. ಎರಡನೆಯದು ಹೊರಟುಹೋಗಿತ್ತು. ಎರಡೂ ಕಂಪನಿಯವರು ನಮಗೆ ಸಂಬಂಧ ಇಲ್ಲ ಅಂದರು. ಅತ್ತಿಗೆ ಮತ್ತು ಎರಡು ವರ್ಷದ ಮಗುವಿನ ಜೊತೆ ರಾತ್ರಿಯೆಲ್ಲ ಕುರ್ಚಿಯ ಮೇಲೆ ಕಳೆದ. ಒಂದೇ ಟಿಕೆಟ್ ಆಗಿದ್ದರೆ ಮುಂದಿನ ವಿಮಾನಕ್ಕೆ ಹತ್ತಿಸುವುದು ಕಂಪನಿಯ ಹೊಣೆ.

ನನ್ನ ಅಮ್ಮ ಆಗಿದ್ದರೆ? ನೇರ ವಿಮಾನವೇ. ಹೋಗುವಾಗ ಓಡಾಡುವ ದಾರಿಯ ಪಕ್ಕದ ಸೀಟು, ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ. ಗಾಲಿಕುರ್ಚಿ ಬೇಕು ಅಂತ ಎರಡು ದಿನ ಮೊದಲೇ ಹೇಳಿಡುತ್ತೇನೆ, ನಡೆಯಲು ಆಗುತ್ತಿದ್ದರೂ ಸರಿ. ದೊಡ್ಡ ನಿಲ್ದಾಣಗಳಲ್ಲಿ ನಡೆದೇ ಸುಸ್ತಾಗುವುದು ಜಾಸ್ತಿ.

ಕೊನೆಗೆ ಗಡಿಯಾರ ಮತ್ತು ಮಾತ್ರೆ. ಜಪಾನ್ ವರ್ಷವಿಡೀ ಒಂದೇ ಸಮಯ ಇಟ್ಟುಕೊಳ್ಳುತ್ತದೆ, ಬ್ರಿಟನ್ ಬೇಸಿಗೆಯಲ್ಲಿ ಒಂದು ಗಂಟೆ ಮುಂದಿಡುತ್ತದೆ. ಹಾಗಾಗಿ ವ್ಯತ್ಯಾಸ ಬೇಸಿಗೆಯಲ್ಲಿ 8 ಗಂಟೆ, ಜನವರಿಯಲ್ಲಿ 9. ನೀವು ಬೆಳಿಗ್ಗೆ 9:30ಕ್ಕೆ ಲಂಡನ್ ಬಿಟ್ಟರೆ 13 ಗಂಟೆ 50 ನಿಮಿಷದ ಮೇಲೆ ಲಂಡನ್ನಿನಲ್ಲಿ ರಾತ್ರಿ 11:20. ಟೋಕಿಯೊದಲ್ಲಿ ಆಗ ಮಾರನೇ ದಿನ ಬೆಳಿಗ್ಗೆ 8:20.

ಬರುವಾಗಿನದು ಇನ್ನೂ ಗೊಂದಲ. ಮಂಗಳವಾರ ಬೆಳಿಗ್ಗೆ 9:30ಕ್ಕೆ ಟೋಕಿಯೊ ಬಿಟ್ಟಿರಿ ಅಂದುಕೊಳ್ಳಿ. ಪೂರ್ವಕ್ಕೆ ಹಾರುವುದರಿಂದ ಸುಮಾರು ನಾಲ್ಕೇ ಗಂಟೆಯಲ್ಲಿ ಪೆಸಿಫಿಕ್ ಮೇಲೆ ಸೂರ್ಯ ಮುಳುಗುತ್ತಾನೆ. ದಿನಾಂಕ ರೇಖೆ ದಾಟಿ ಅಲಾಸ್ಕಾ ಮೇಲೆ ಬರುವಾಗ ಕೆಳಗಿನ ಊರುಗಳಲ್ಲಿ ಸೋಮವಾರ ರಾತ್ರಿ ಒಂಬತ್ತೂವರೆ. ಗ್ರೀನ್‌ಲ್ಯಾಂಡ್ ದಾಟಿದ ಮೇಲೆ ಮತ್ತೆ ಬೆಳಕು ಹರಿಯುತ್ತದೆ. ಲಂಡನ್ನಿನಲ್ಲಿ ಇಳಿಯುವಾಗ ಅದೇ ಮಂಗಳವಾರ ಮಧ್ಯಾಹ್ನ ಮೂರು ಗಂಟೆ, ಇನ್ನೂ ಬೆಳಕಿರುತ್ತದೆ. ನಡುವೆ ಒಂದು ಇಡೀ ರಾತ್ರಿ ಬಂದು ಹೋಗಿರುತ್ತದೆ. ಕಿಟಕಿ ನೋಡಿ ರಾತ್ರಿಯ ಮಾತ್ರೆ ಒಂದು, ಬೆಳಗಾಯಿತು ಅಂತ ಇನ್ನೊಂದು ನುಂಗಿಬಿಡುವವರನ್ನು ನಾನು ಕೇಳಿಬಲ್ಲೆ. ಅಮ್ಮನ ಕೈಗಡಿಯಾರವನ್ನು ಇಳಿಯುವವರೆಗೂ ಟೋಕಿಯೊ ಸಮಯದಲ್ಲೇ ಬಿಡಿ. ಡಾಕ್ಟರ್ ಹೇಳಿದ ಗಂಟೆಯನ್ನು ಅದೇ ಸಮಯದಲ್ಲಿ ಒಂದು ಚೀಟಿಯಲ್ಲಿ ಬರೆದು ಮಾತ್ರೆ ಡಬ್ಬಿಗೆ ಅಂಟಿಸಿ. ಡಬ್ಬಿ ಕೈಚೀಲದಲ್ಲಿರಲಿ, ಮೇಲಿನ ಲಗೇಜಿನಲ್ಲಿ ಬೇಡ.